ಸಂಬಳ ನಿಂತ ಮೇಲಿನ ಕಂತು: ತುಮಕೂರಿನ ಒಂದು ಗೃಹಸಾಲದ ಪ್ರಕರಣ

2024ರ ಜೂನ್ 22, ತಿಂಗಳ ನಾಲ್ಕನೆಯ ಶನಿವಾರ. ಬ್ಯಾಂಕಿಗೆ ರಜೆಯಿದ್ದ ಆ ದಿನ ತುಮಕೂರಿನ ಹೊರವಲಯದ ಬಡಾವಣೆಯೊಂದರ ದಂಪತಿಗಳು ಪ್ಲಾಸ್ಟಿಕ್ ಕೈಚೀಲದ ತುಂಬ ಕಾಗದಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದ ಮೇಲೆ, ಪರಿಚಿತರ ಕಾಗದಪತ್ರಗಳನ್ನು ಓದಿ ದಾರಿ ಹೇಳುವುದು ನನಗೆ ರೂಢಿಯಾಗಿದೆ. ಯಜಮಾನರು ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುತ್ತಿದ್ದವರು, ವಯಸ್ಸು 43. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಮನೆಸಾಲದ ಮೂರು ಕಂತುಗಳು ಬಾಕಿ ಬಿದ್ದಿದ್ದವು. ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಆ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಕಾಯಿಲೆಯಿಂದ ದುಡಿಮೆ ನಿಂತ ಮನೆಯೊಡೆಯರ ಸಾಲದ ಕಂತಿಗೇ ಎಂದು ಮೀಸಲಾದ ಸರ್ಕಾರಿ ನೆರವು ನಮ್ಮ ದೇಶದಲ್ಲಿಲ್ಲ. ಬ್ರಿಟನ್ನಿನಲ್ಲಿ ಅಂಥದೊಂದು ವ್ಯವಸ್ಥೆಯಿದೆ: ಸರ್ಕಾರದ ಜೀವನಾಧಾರ ಭತ್ಯೆ ಪಡೆಯುತ್ತಿರುವ ಮನೆಯೊಡೆಯರ ಗೃಹಸಾಲದ ಬಡ್ಡಿಯನ್ನು ಸರ್ಕಾರ ನೇರವಾಗಿ ಬ್ಯಾಂಕಿಗೆ ಕಟ್ಟುತ್ತದೆ, 2018ರ ಏಪ್ರಿಲ್‌ನಿಂದ ಅದನ್ನೂ ಸಾಲವೆಂದೇ ಕೊಟ್ಟು, ಮನೆ ಮಾರಿದಾಗ ವಸೂಲು ಮಾಡಿಕೊಳ್ಳುತ್ತದೆ. ನಮ್ಮಲ್ಲಿರುವುದು ಬಿಡಿಬಿಡಿಯಾದ ಆಸರೆಗಳು. ಸಂಬಳದ ಬದಲಿಗೆ ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆ, ಕೂಡಿಟ್ಟ ದುಡ್ಡಿಗೆ ಪಿಎಫ್ ಎಂಬ ಭವಿಷ್ಯನಿಧಿ, ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆ, ಸಾಲದ ಮಟ್ಟಿಗೆ ರಿಸರ್ವ್ ಬ್ಯಾಂಕಿನ ನಿಯಮಗಳು. ಇವು ಒಂದನ್ನೊಂದು ಅರಿಯವು. ಒಂದೊಂದಕ್ಕೂ ಅದರದೇ ಗಡುವು. ಯಾವ ಗಡುವು ಮೊದಲು ಮುಗಿಯುತ್ತದೆ ಎಂಬ ಲೆಕ್ಕವೇ ಈ ಪ್ರಕರಣದಲ್ಲಿ ಮನೆಯನ್ನು ಉಳಿಸಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆ ಮತ್ತು ಸಾಲ

ತಂದೆಯ ಕಾಲದ ನಿವೇಶನದಲ್ಲಿ ಅರ್ಧಕ್ಕೆ ನಿಂತಿದ್ದ ಮನೆಯನ್ನು ಪೂರ್ಣಗೊಳಿಸಲು ಇವರು 2021ರ ಜೂನ್‌ನಲ್ಲಿ ಒಂದು ರಾಷ್ಟ್ರೀಕೃತ ಬ್ಯಾಂಕಿನಿಂದ 10 ಲಕ್ಷ ರೂಪಾಯಿ ಸಾಲ ಪಡೆದರು. ಅವಧಿ 15 ವರ್ಷ, ಬಡ್ಡಿ ಶೇ. 7, ತಿಂಗಳ ಕಂತು 8,988 ರೂಪಾಯಿ. ಹೊಲಿಗೆ ಮಾಡುವ ಪತ್ನಿ ಸಹ ಸಾಲಗಾರ್ತಿ. ಆಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ. 4 ಇತ್ತು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ಅದು ಶೇ. 6.5ಕ್ಕೆ ಏರಿತು, ರೆಪೊಗೆ ಜೋಡಿಸಿದ ಈ ಸಾಲದ ಬಡ್ಡಿಯೂ ಶೇ. 9.5 ಆಯಿತು. ಕಂತಿನ ಮೊತ್ತ ಬದಲಾಗದೆ ಇದ್ದುದರಿಂದ ಮನೆಯವರಿಗೆ ಏನೂ ತಿಳಿಯಲಿಲ್ಲ. ಒಳಗೆ ಸಾಲದ ಅವಧಿ ಬೆಳೆಯುತ್ತ ಹೋಗಿತ್ತು. ನಾನು ಕುಳಿತು ಲೆಕ್ಕ ಹಾಕಿದಾಗ, ಮೂವತ್ತಕ್ಕೂ ಹೆಚ್ಚು ಕಂತು ಕಟ್ಟಿದ ಮೇಲೂ ಅಸಲಿನಲ್ಲಿ ಇಳಿದದ್ದು ಸುಮಾರು 80 ಸಾವಿರ ಮಾತ್ರ, ಇನ್ನೂ ಹದಿನೇಳೂವರೆ ವರ್ಷದ ಕಂತುಗಳು ಉಳಿದಿವೆ ಎಂದು ಕಂಡುಬಂತು. ಈ ಅಂಶವನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ. ಕಷ್ಟ ಬಂದಾಗ ಸಾಲಗಾರ ಕೇಳಬಹುದಾದ ಮೊದಲ ಅನುಕೂಲವೆಂದರೆ ಅವಧಿ ವಿಸ್ತರಣೆ. ಆ ಅನುಕೂಲವನ್ನು ಬಡ್ಡಿಯ ಏರಿಕೆಯೇ ಮುಂಚಿತವಾಗಿ ನುಂಗಿಬಿಟ್ಟಿತ್ತು. ಈಗಿನ ಲೆಕ್ಕದಲ್ಲೇ ಕೊನೆಯ ಕಂತು ಬರುವ ಹೊತ್ತಿಗೆ ಯಜಮಾನರಿಗೆ 60 ದಾಟಿರುತ್ತದೆ.

ವರ್ಷಗಟ್ಟಲೆ ಅಲಕ್ಷ್ಯಕ್ಕೊಳಗಾದ ರಕ್ತದೊತ್ತಡ ಎರಡೂ ಮೂತ್ರಪಿಂಡಗಳನ್ನು ಕೆಡಿಸಿತ್ತು. 2024ರ ಫೆಬ್ರವರಿ 12ರಂದು ಕಾಲು ಊದಿ, ವಾಂತಿಯಾಗಿ, ಉಸಿರು ಕಟ್ಟಿ ಖಾಸಗಿ ಆಸ್ಪತ್ರೆಗೆ ಸೇರಿದರು. ಅಲ್ಲಿನ ಖರ್ಚಿಗೆ ಚೀಟಿಯ ಹಣ ಹೋಯಿತು, ಭಾವಮೈದುನನ ಕೈಸಾಲ ಬಂತು. ಉಳಿದಿದ್ದ ರಜೆಯ ಸಂಬಳ ಫೆಬ್ರವರಿ 29ಕ್ಕೆ ಮುಗಿಯಿತು. ಮಾರ್ಚ್ ಕಂತನ್ನು ಹೇಗೋ ಕಟ್ಟಿದರು. ಏಪ್ರಿಲ್ 5ರ ಕಂತು ತಪ್ಪಿತು, ಆಮೇಲೆ ಮೇ, ಜೂನ್.

ಕೈಚೀಲದಲ್ಲಿದ್ದ ಕಾಗದಗಳು

ಕುಟುಂಬ ಹೆಚ್ಚು ನಂಬಿದ್ದ ಕಾಗದ ಸಾಲದ ವಿಮೆಯದು. "ಲೋನ್ ಕೊಡುವಾಗಲೇ ಇನ್ಶೂರೆನ್ಸ್ ಮಾಡಿಸಿದ್ದಾರಣ್ಣ, ನಮ್ಮೆಜಮಾನ್ರಿಗೆ ಏನಾದ್ರೂ ಆದ್ರೆ ಬ್ಯಾಂಕಿಗೆ ಅವರೇ ಕಟ್ತಾರಂತೆ" ಎಂದು ಆ ತಾಯಿ ಹೇಳಿದಾಗ, ಪಾಲಿಸಿಯನ್ನು ಎರಡು ಸಲ ಓದಿದೆ. ಅದು ಸಾಲಗಾರ ಮರಣ ಹೊಂದಿದರೆ ಮಾತ್ರ ಬಾಕಿ ತೀರಿಸುವ, ವರ್ಷದಿಂದ ವರ್ಷಕ್ಕೆ ಮೊತ್ತ ಇಳಿಯುವ ಗುಂಪು ವಿಮೆ. ಗಂಭೀರ ಕಾಯಿಲೆಗೆ ಇಡಿಗಂಟು ಕೊಡುವ ಹೆಚ್ಚುವರಿ ರಕ್ಷಣೆಗೆ ಅರ್ಜಿಯಲ್ಲಿ ಬೇರೆ ಚೌಕವಿತ್ತು. ಅದು ಖಾಲಿ ಉಳಿದಿತ್ತು. ನಿಯಮಿತ ಡಯಾಲಿಸಿಸ್ ಅಗತ್ಯವಿರುವ ಮೂತ್ರಪಿಂಡ ವೈಫಲ್ಯವು ವಿಮಾ ನಿಯಂತ್ರಣ ಪ್ರಾಧಿಕಾರ ವ್ಯಾಖ್ಯಾನಿಸಿರುವ ಗಂಭೀರ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ಆ ಚೌಕಕ್ಕೆ ಗುರುತು ಬಿದ್ದಿದ್ದರೆ ಈ ಪ್ರಕರಣವನ್ನು ನಾನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಏನಾದರೂ ಆದರೆ ಎಂಬ ಮಾತಿಗೆ ಸಾಲ ಕೊಟ್ಟವರು ಒಂದು ಅರ್ಥವಿಟ್ಟುಕೊಂಡಿದ್ದರು, ಮನೆಯವರು ಇನ್ನೊಂದು; ಸಹಿ ಹಾಕಿಸಿಕೊಳ್ಳುವ ಹೊತ್ತಿನಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದು ಸಾಲ ಕೊಡುವವರ ಕರ್ತವ್ಯ. ನನ್ನ ಸೇವಾವಧಿಯಲ್ಲಿ ನಾನೂ ಎಲ್ಲರಿಗೂ ಅದನ್ನು ಬಿಡಿಸಿ ಹೇಳಿದೆನೆಂದು ಹೇಳಲಾರೆ. ಆ ಕುಟುಂಬದ ಮುಂದೆ ಪಾಲಿಸಿ ಮಡಿಸಿಡುವಾಗ ಅದು ಮನಸ್ಸನ್ನು ಚುಚ್ಚಿತು.

ಎರಡನೆಯದು ಸಹಿಗೆ ಸಿದ್ಧವಾಗಿದ್ದ ರಾಜೀನಾಮೆ ಪತ್ರ. ಕಾರ್ಖಾನೆಯ ಎಚ್‌ಆರ್ ಕಚೇರಿಯಲ್ಲಿ, ರಾಜೀನಾಮೆ ಕೊಟ್ಟರೆ ಪಿಎಫ್ ಹಣ ಪೂರ್ತಿ ಕೈಗೆ ಬರುತ್ತದೆ, ಸಾಲ ಕಟ್ಟಿಕೊಳ್ಳಬಹುದು ಎಂದು ಸಲಹೆ ಕೊಟ್ಟಿದ್ದರು. ಪಿಎಫ್ ಖಾತೆಯಲ್ಲಿ ಸುಮಾರು 3 ಲಕ್ಷ 60 ಸಾವಿರ ಇತ್ತು. ಕೆಟ್ಟ ಮನಸ್ಸಿನಿಂದ ಕೊಟ್ಟ ಸಲಹೆ ಎಂದು ನನಗನ್ನಿಸಲಿಲ್ಲ, ಆದರೆ ಪರಿಣಾಮದಲ್ಲಿ ಅದು ಅಪಾಯಕಾರಿಯಾಗಿತ್ತು. ಬಾಕಿಯಿದ್ದ ಸಾಲ 9 ಲಕ್ಷಕ್ಕೂ ಮೇಲೆ. ಈ ಹಣ ಅದನ್ನು ತೀರಿಸುವಂತಿರಲಿಲ್ಲ. ಕೈಗೆ ಬಂದದ್ದು ಕೈಸಾಲಕ್ಕೂ ಔಷಧಿಗೂ ಹಂಚಿಹೋಗಿ ಆರು ತಿಂಗಳಲ್ಲಿ ಕರಗುತ್ತಿತ್ತು, ಮುಂದೆ ಚೇತರಿಸಿಕೊಂಡು ಹಗುರ ಕೆಲಸಕ್ಕೆ ಮರಳುವ ಬಾಗಿಲು ಅವರ ಕೈಯಿಂದಲೇ ಮುಚ್ಚಿಹೋಗುತ್ತಿತ್ತು. ಅನಾರೋಗ್ಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯಬಾರದೆಂದು ಆಗ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 73ನೆಯ ಸೆಕ್ಷನ್ ಹೇಳುತ್ತಿತ್ತು. ಸಂಬಳ ಇಎಸ್‌ಐ ಮಿತಿಯನ್ನು ದಾಟಿದ್ದ ಇವರಿಗೆ ಅದು ಪೂರ್ತಿಯಾಗಿ ಅನ್ವಯಿಸುತ್ತದೆಯೇ ಎಂಬುದರಲ್ಲಿ ವಾದಕ್ಕೆ ಎಡೆಯಿತ್ತು; ರಾಜೀನಾಮೆ ಕೊಟ್ಟಮೇಲೆ ಆ ವಾದವೂ ಉಳಿಯುತ್ತಿರಲಿಲ್ಲ. ಪತ್ರವನ್ನು ಹರಿದುಹಾಕಿ, ವೈದ್ಯಕೀಯ ಕಾರಣದ ಸಂಬಳರಹಿತ ರಜೆಗೆ ಅರ್ಜಿ ಬರೆದೆವು. ಕಾರ್ಖಾನೆಯವರು ಒಪ್ಪಿದರು.

ಮೂರನೆಯದು ಅಂಚು ಮಾಸಿದ ಇಎಸ್‌ಐ ಕಾರ್ಡು. "ಅದು ನಿಂತುಹೋಗಿದೆ ಸರ್, ಸಂಬಳ ಜಾಸ್ತಿ ಆಯ್ತಲ್ಲ" ಎಂದು ಯಜಮಾನರು ಅದನ್ನು ಪಕ್ಕಕ್ಕೆ ಸರಿಸಿದರು. ಇಡೀ ಪ್ರಕರಣ ತಿರುಗಿದ್ದು ಆ ಕಾರ್ಡಿನ ಮೇಲೆ.

ತೊಂಬತ್ತು ದಿನದ ಲೆಕ್ಕ

ಅದಕ್ಕೂ ಮೊದಲು ಕೈಹಾಕಬೇಕಾದ ಕೆಲಸ ಇನ್ನೊಂದಿತ್ತು. ಕಂತಿನ ಗಡುವು ಮೀರಿ 30 ದಿನದವರೆಗೆ ಖಾತೆಯನ್ನು ಎಸ್‌ಎಂಎ-0 (ಎಸ್‌ಎಂಎ ಎಂದರೆ ವಿಶೇಷ ನಿಗಾ ಇಟ್ಟ ಖಾತೆ), 60 ದಿನದವರೆಗೆ ಎಸ್‌ಎಂಎ-1, 90 ದಿನದವರೆಗೆ ಎಸ್‌ಎಂಎ-2 ಎಂದು ಬ್ಯಾಂಕು ಗುರುತಿಸುತ್ತದೆ. 90 ದಿನ ದಾಟಿದರೆ ಅದು ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ. ಏಪ್ರಿಲ್ 5ರಿಂದ ಎಣಿಸಿದರೆ ನಾವು ಕುಳಿತಿದ್ದ ದಿನ 78ನೆಯದು. ಜುಲೈ 4ಕ್ಕೆ 90 ಮುಗಿಯುತ್ತಿತ್ತು.

ಆ ಗೆರೆಯ ಈಚೆಗೂ ಆಚೆಗೂ ಇರುವ ವ್ಯತ್ಯಾಸವನ್ನು ಸಾಲಗಾರರಿಗೆ ಯಾರೂ ಹೇಳಿಕೊಡುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬ್ಯಾಂಕು ದಿನ ಎಣಿಸುವುದು ಬಾಕಿಯಿರುವ ಕಂತುಗಳಲ್ಲಿ ಎಲ್ಲಕ್ಕಿಂತ ಹಳೆಯದರ ದಿನಾಂಕದಿಂದ. 90 ದಿನದ ಒಳಗೆ ಒಂದೋ ಎರಡೋ ಹಳೆಯ ಕಂತುಗಳನ್ನು ಕಟ್ಟಿದರೆ, ಉಳಿದ ಬಾಕಿ ಹಾಗೇ ಇದ್ದರೂ ಎಣಿಕೆ ಮುಂದಿನ ಕಂತಿನ ದಿನಾಂಕಕ್ಕೆ ಸರಿಯುತ್ತದೆ. ಒಮ್ಮೆ ಎನ್‌ಪಿಎ ಆದಮೇಲೆ ಈ ಅವಕಾಶವಿಲ್ಲ: ಬಾಕಿಯಿರುವ ಅಸಲು, ಬಡ್ಡಿ ಎಲ್ಲವನ್ನೂ ಪೂರ್ತಿ ಕಟ್ಟಿದ ಹೊರತು ಖಾತೆ ಮೊದಲಿನ ವರ್ಗಕ್ಕೆ ಮರಳುವುದಿಲ್ಲವೆಂದು ರಿಸರ್ವ್ ಬ್ಯಾಂಕು 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿಂದ ಮುಂದೆ, ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಇರುವ 2002ರ ಸರ್ಫೇಸಿ ಕಾಯ್ದೆಯ ದಾರಿ ತೆರೆದುಕೊಳ್ಳುತ್ತದೆ. 13(2)ರ ನೋಟಿಸು, ಪಾವತಿಗೆ 60 ದಿನ, ಆಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಮನೆಯ ಸ್ವಾಧೀನಕ್ಕೆ ಕ್ರಮ. ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು, ಸ್ವಾಧೀನದ ಕ್ರಮವನ್ನು 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಬಹುದು ಎಂಬುದು ನಿಜ. ಡಯಾಲಿಸಿಸ್ ನಡೆಯುತ್ತಿರುವ ಮನೆ ಅಷ್ಟು ದೂರ ಹೋಗದಂತೆ ನೋಡಿಕೊಳ್ಳುವುದೇ ಲೇಸು.

ಹಾಗಾಗಿ ಜುಲೈ 1ರಂದು ಅವರ ಪತ್ನಿ ತಮ್ಮ ಸರವನ್ನು ಸಹಕಾರ ಸಂಘದಲ್ಲಿ ಅಡವಿಟ್ಟು 18 ಸಾವಿರ ತಂದರು. ಅದರಲ್ಲಿ ಏಪ್ರಿಲ್ ಮತ್ತು ಮೇ ಕಂತುಗಳಿಗೆ 17,976 ರೂಪಾಯಿ ಕಟ್ಟಿದೆವು. ಹಳೆಯ ಬಾಕಿ ಈಗ ಜೂನ್ 5ರದು; ನಮಗೆ ಸೆಪ್ಟೆಂಬರ್ ಆರಂಭದವರೆಗೆ ಸಮಯ ಸಿಕ್ಕಿತು. ಕುತ್ತಿಗೆಯ ಸರ ಬಿಚ್ಚಿಸುವ ಸಲಹೆ ಕೊಡುವುದು ನನಗೆ ಸುಲಭವಾಗಿರಲಿಲ್ಲ. ಆದರೆ ಕೈಯಲ್ಲಿದ್ದ ಆಸ್ತಿಯಲ್ಲಿ ಎರಡೇ ದಿನದಲ್ಲಿ ಹಣವಾಗಬಲ್ಲದ್ದು ಅದೊಂದೇ ಆಗಿತ್ತು.

ನಿಂತುಹೋಗಿರದ ಇಎಸ್‌ಐ

ಇಎಸ್‌ಐ ವ್ಯಾಪ್ತಿಗೆ 2017ರಿಂದ ಇರುವ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಯಜಮಾನರ ಸಂಬಳ 2023ರ ಮೇ ತಿಂಗಳಲ್ಲಿ 20,600ರಿಂದ 22,100ಕ್ಕೆ ಏರಿತ್ತು. ಅವತ್ತಿನಿಂದಲೇ ಇಎಸ್‌ಐ ಮುಗಿಯಿತೆಂದು ಅವರೂ ಎಚ್‌ಆರ್‌ನವರೂ ತಿಳಿದಿದ್ದರು. ನಿಯಮ ಹಾಗಿಲ್ಲ. ವರ್ಷವನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ಎರಡು ವಂತಿಗೆ (ಇಎಸ್‌ಐಗೆಂದು ಸಲ್ಲುವ ಸಂಬಳದ ಪಾಲು) ಅವಧಿಗಳಾಗಿ ಮಾಡಿದ್ದಾರೆ. ಅವಧಿಯ ನಡುವೆ ಸಂಬಳ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ ವಂತಿಗೆ ಮುಂದುವರಿಯುತ್ತದೆ, ಅದೂ ಏರಿದ ಸಂಬಳದ ಮೇಲೆ. ವೇತನ ಚೀಟಿಗಳನ್ನು ತೆಗೆದು ನೋಡಿದರೆ ಸೆಪ್ಟೆಂಬರ್‌ವರೆಗೂ ಶೇ. 0.75 ಕಡಿತವಾಗಿತ್ತು.

ಏಪ್ರಿಲ್–ಸೆಪ್ಟೆಂಬರ್ ವಂತಿಗೆಗೆ ಪ್ರತಿಯಾಗಿ ಸೌಲಭ್ಯ ಸಿಗುವುದು ಮುಂದಿನ ವರ್ಷದ ಜನವರಿಯಿಂದ ಜೂನ್ ಕೊನೆಯವರೆಗೆ. ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಇವರದು ಅವಧಿಯುದ್ದಕ್ಕೂ ಸಂದಿತ್ತು. ಈಗ ನೌಕರನಾಗಿರುವವನಷ್ಟೇ ಅಲ್ಲದೆ, ಹಿಂದೆ ನೌಕರನಾಗಿದ್ದು ತನ್ನ ಪರವಾಗಿ ವಂತಿಗೆ ಸಂದಿರುವವನೂ ವಿಮಾದಾರನೇ ಎಂಬುದು ಆಗಿನ ಕಾಯ್ದೆಯ ವ್ಯಾಖ್ಯೆಯಾಗಿತ್ತು. ಫೆಬ್ರವರಿಯಲ್ಲಿ ಬಿದ್ದ ಕಾಯಿಲೆ ಹೀಗೆ ಸರಿಯಾಗಿ ಸೌಲಭ್ಯದ ಅವಧಿಯೊಳಗೇ ಬಿದ್ದಿತ್ತು. ನಾವು ಈ ಲೆಕ್ಕ ಮಾಡುತ್ತಿದ್ದಾಗ ಆ ಅವಧಿ ಮುಗಿಯಲು ಎಂಟು ದಿನ ಉಳಿದಿತ್ತು.

ತೊಡಕು ಇದ್ದದ್ದು ಪ್ರಮಾಣಪತ್ರದಲ್ಲಿ. ಅನಾರೋಗ್ಯ ಭತ್ಯೆಗೆ ಇಎಸ್‌ಐ ವೈದ್ಯರ ಪ್ರಮಾಣಪತ್ರ ಬೇಕು. ಇವರು ನಾಲ್ಕು ತಿಂಗಳೂ ಹೊರಗಿನ ಚಿಕಿತ್ಸೆ ಪಡೆದವರು. ಇಂಥ ಸಂದರ್ಭಗಳಲ್ಲಿ ಬೇರೆ ವೈದ್ಯಕೀಯ ದಾಖಲೆಗಳನ್ನು ಪರ್ಯಾಯ ಪುರಾವೆಯಾಗಿ ಒಪ್ಪಲು ನಿಯಮಾವಳಿಯಲ್ಲಿ ಅವಕಾಶವಿದೆ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ರಕ್ತಪರೀಕ್ಷೆಯ ವರದಿಗಳು, ದಿನಾಂಕ ಸಹಿತವಾದ ಡಯಾಲಿಸಿಸ್ ಪುಸ್ತಕ, ಮಾರ್ಚ್ 1ರಿಂದ ಕೆಲಸಕ್ಕೆ ಬಂದಿಲ್ಲ, ಸಂಬಳ ಕೊಟ್ಟಿಲ್ಲ ಎಂಬ ಕಾರ್ಖಾನೆಯ ದೃಢೀಕರಣ, ಇಷ್ಟನ್ನೂ ಜೋಡಿಸಿ ಜೂನ್ 25ರಂದು ಇಎಸ್‌ಐ ಶಾಖಾ ಕಚೇರಿಗೆ ಕೊಟ್ಟೆವು. ಕಾರ್ಖಾನೆಯ ದೃಢೀಕರಣ ಸಿಕ್ಕಿದ್ದು ಅವರ ಹೆಸರು ಇನ್ನೂ ಹಾಜರಿ ಪುಸ್ತಕದಲ್ಲಿದ್ದ ಕಾರಣದಿಂದ. ಕೌಂಟರಿನಲ್ಲಿದ್ದ ಮೊದಲ ಗುಮಾಸ್ತರು ಕಾರ್ಡು ಚಾಲ್ತಿಯಲ್ಲಿಲ್ಲ ಎಂದು ಹಿಂದಿರುಗಿಸಿದರು. ವ್ಯವಸ್ಥಾಪಕರ ಮುಂದೆ ವಂತಿಗೆಯ ವಿವರ ಇಟ್ಟಾಗ ಅವರು ಎರಡೇ ನಿಮಿಷದಲ್ಲಿ ವಿಷಯ ಗ್ರಹಿಸಿ, ಕಡತವನ್ನು ವೈದ್ಯಕೀಯ ಪರಿಶೀಲನೆಗೆ ಕಳುಹಿಸಿದರು.

ವಂತಿಗೆ ಅವಧಿಯ ಸಂಬಳವನ್ನು ದಿನಗಳಿಗೆ ಭಾಗಿಸಿದರೆ ಸರಾಸರಿ ದಿನಗೂಲಿ ಸುಮಾರು 716 ರೂಪಾಯಿ. ಅದರ ಶೇ. 70, ಅಂದರೆ ದಿನಕ್ಕೆ 501 ರೂಪಾಯಿಯಂತೆ ಗರಿಷ್ಠ 91 ದಿನಗಳ ಅನಾರೋಗ್ಯ ಭತ್ಯೆ. ಮೊದಲ ಎರಡು ದಿನಗಳಿಗೆ ಭತ್ಯೆಯಿಲ್ಲವಾದ್ದರಿಂದ ಮಾರ್ಚ್ 3ರಿಂದ ಜೂನ್ 1ರವರೆಗಿನ ಲೆಕ್ಕ 45,591 ರೂಪಾಯಿ ಆಯಿತು. ಆಗಸ್ಟ್ 8ರಂದು ಹಣ ಖಾತೆಗೆ ಬಂತು. ಜೂನ್, ಜುಲೈ, ಆಗಸ್ಟ್ ಕಂತುಗಳಿಗೆ 26,964 ಕಟ್ಟಿ, ಉಳಿದ 18 ಸಾವಿರ ಚಿಲ್ಲರೆಯಲ್ಲಿ ಸರ ಬಿಡಿಸಿಕೊಂಡರು. ಕೈಸಾಲ ಕೊಟ್ಟ ಭಾವಮೈದುನನಿಗೆ ಆಗ ಏನೂ ಸಲ್ಲಲಿಲ್ಲ. ಆತ ಮನೆಗೆ ಬಂದು, "ಅಕ್ಕಾ, ಮೊದಲು ಮನೆದು ಕಟ್ಟು, ನಂದು ಎಲ್ಲಿಗೂ ಹೋಗಲ್ಲ" ಎಂದನಂತೆ.

91 ದಿನಗಳ ಆಚೆಗೂ ದಾರಿಯಿತ್ತು. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯುಗಳಂಥ 34 ದೀರ್ಘಕಾಲೀನ ಕಾಯಿಲೆಗಳಿಗೆ ವಿಸ್ತೃತ ಅನಾರೋಗ್ಯ ಭತ್ಯೆ ಎಂಬುದಿದೆ, ಸಂಬಳದ ಶೇ. 80ರಂತೆ ಗರಿಷ್ಠ ಎರಡು ವರ್ಷದವರೆಗೆ ಸಿಗುತ್ತದೆ. ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಆ ಪಟ್ಟಿಯಲ್ಲಿದೆ. ಎರಡು ವರ್ಷದ ನಿರಂತರ ನೌಕರಿ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನಗಳ ವಂತಿಗೆ ಇರಬೇಕೆಂಬ ಷರತ್ತುಗಳನ್ನು ಇವರು ಪೂರೈಸಿದ್ದರು. ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ತಜ್ಞರ ಮುಂದೆ ಹಾಜರಾಗಬೇಕಾಯಿತು. ಡಯಾಲಿಸಿಸ್ ಇಲ್ಲದ ದಿನ ನೋಡಿಕೊಂಡು ಬೆಳಗಿನ ರೈಲಿನಲ್ಲಿ ಮೂರು ಸಲ ಹೋಗಿಬಂದರು. ಜೂನ್ 2ರಿಂದ ಆಗಸ್ಟ್ ಕೊನೆಯವರೆಗಿನ 91 ದಿನಗಳಿಗೆ, ದಿನಕ್ಕೆ 573ರಂತೆ 52,143 ರೂಪಾಯಿ ಸೆಪ್ಟೆಂಬರ್‌ನಲ್ಲಿ ಒಟ್ಟಿಗೆ ಬಂತು. ಅಲ್ಲಿಂದ ಮುಂದೆ ತಿಂಗಳಿಗೆ 17 ಸಾವಿರ ಚಿಲ್ಲರೆ, ಕೆಲವೊಮ್ಮೆ ತಡವಾಗಿ, ಆದರೆ ತಪ್ಪದೆ ಬರುತ್ತಿದೆ. ಡಯಾಲಿಸಿಸ್ಸನ್ನು ಜುಲೈನಿಂದಲೇ ಜಿಲ್ಲಾ ಆಸ್ಪತ್ರೆಯ ಉಚಿತ ಘಟಕಕ್ಕೆ ಬದಲಾಯಿಸಿದ್ದರು.

ಬ್ಯಾಂಕಿನೊಂದಿಗಿನ ಮಾತು

ಈ ನಡುವೆ ಬ್ಯಾಂಕಿಗೆ ಎರಡು ಪತ್ರ ಕೊಟ್ಟೆವು. ಆರು ತಿಂಗಳು ಕಂತು ಮುಂದೂಡಿ ಎಂಬ ಮೊದಲ ಪತ್ರಕ್ಕೆ ಶಾಖಾ ವ್ಯವಸ್ಥಾಪಕರು ಆಗುವುದಿಲ್ಲವೆಂದರು, ಕಾರಣವನ್ನೂ ಹೇಳಿದರು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೋವಿಡ್ ಕಾಲದಲ್ಲಿ ಸಿಕ್ಕಿದ್ದ ಮುಂದೂಡಿಕೆ ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿಯಿಂದ ಆದದ್ದು. ಸಾಮಾನ್ಯ ಕಾಲದಲ್ಲಿ, ಸಾಲಗಾರನ ಹಣಕಾಸಿನ ತೊಂದರೆಯ ಕಾರಣಕ್ಕೆ ಷರತ್ತು ಸಡಿಲಿಸಿದರೆ ಅದನ್ನು ಪುನರ್ರಚನೆ ಎಂದು ಪರಿಗಣಿಸಿ ಖಾತೆಯನ್ನು ಕೆಳದರ್ಜೆಗೆ ಇಳಿಸಬೇಕಾಗುತ್ತದೆ. ಯಾವುದನ್ನು ತಪ್ಪಿಸಲು ಕೇಳುತ್ತಿದ್ದೆವೋ ಅದೇ ಆಗಿಬಿಡುತ್ತದೆ. ಊರಿಗೆ ಊರೇ ಕಾಯಿಲೆ ಬಿದ್ದಾಗ ಸಿಕ್ಕಿದ ಅನುಕೂಲ ಒಬ್ಬನೇ ಕಾಯಿಲೆ ಬಿದ್ದಾಗ ಸಿಗದು ಎಂಬುದು ನನ್ನ ಮಟ್ಟಿಗೆ ನ್ಯಾಯವಲ್ಲ. ತಜ್ಞ ವೈದ್ಯರ ಪ್ರಮಾಣಪತ್ರವಿರುವ ದೀರ್ಘ ಕಾಯಿಲೆಗೆ, ಬಡ್ಡಿ ನಡೆಯುತ್ತಿದ್ದರೂ ಸರಿ, ಖಾತೆಯ ದರ್ಜೆ ಇಳಿಸದೆ ಮೂರರಿಂದ ಆರು ತಿಂಗಳ ಬಿಡುವು ಕೊಡುವ ನಿಯಮ ಇರಲೇಬೇಕು. ಇವರ ಇಎಸ್‌ಐ ಹಣ ಕೈಸೇರಲು ಹಿಡಿದದ್ದೂ, ಮಾರ್ಚ್‌ನಿಂದ ಎಣಿಸಿದರೆ, ಹತ್ತಿರ ಹತ್ತಿರ ಅಷ್ಟೇ ಕಾಲ.

ಎರಡನೆಯ ಪತ್ರ ವಸೂಲಿಯವರ ಕರೆಗಳ ಬಗ್ಗೆ. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬ ನಿಯಮವನ್ನು ಉಲ್ಲೇಖಿಸಿ, ಡಯಾಲಿಸಿಸ್ ದಿನಗಳನ್ನೂ ಬರೆದುಕೊಟ್ಟೆವು. ಕರೆಗಳು ನಿಂತವು. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗುವ ಸಿದ್ಧತೆಯಿತ್ತು, ಅದರ ಅಗತ್ಯ ಬೀಳಲಿಲ್ಲ.

2025ರಲ್ಲಿ ರೆಪೊ ದರ ಫೆಬ್ರವರಿಯಿಂದ ಜೂನ್‌ವರೆಗೆ ಒಟ್ಟು ಶೇ. 1ರಷ್ಟು ಇಳಿದಾಗ ಮತ್ತೊಂದು ಪತ್ರ ಬರೆದೆವು. ದರ ಇಳಿದರೆ ಬ್ಯಾಂಕು ಸಾಮಾನ್ಯವಾಗಿ ಕಂತನ್ನು ಹಾಗೇ ಇಟ್ಟು ಅವಧಿ ಕಡಿಮೆ ಮಾಡುತ್ತದೆ. ಆರೋಗ್ಯವಂತನಿಗೆ ನಾನೂ ಅದನ್ನೇ ಸೂಚಿಸುತ್ತೇನೆ. ಇಲ್ಲಿ ತಿಂಗಳ ಹೊರೆ ಇಳಿಯುವುದು ಮುಖ್ಯವಾಗಿತ್ತು. ಅವಧಿ ಬದಲಿಸದೆ ಕಂತು ಇಳಿಸಿ ಎಂದು ಲಿಖಿತವಾಗಿ ಕೇಳಿದ್ದರಿಂದ ತಿಂಗಳಿಗೆ 500 ರೂಪಾಯಿಯಷ್ಟು ಕಡಿಮೆಯಾಯಿತು. ಒಂದು ತಿಂಗಳ ಬಸ್ಸು, ಆಟೋ ಖರ್ಚಿಗೆ ಅದು ಸರಿಹೋಗುತ್ತದೆ.

ಇದನ್ನು ಬರೆಯುತ್ತಿರುವ 2025ರ ಸೆಪ್ಟೆಂಬರ್‌ನಲ್ಲಿ ಖಾತೆಯಲ್ಲಿ ಬಾಕಿ ಕಂತು ಇಲ್ಲ. ಪತ್ನಿ ಕಳೆದ ನವೆಂಬರ್‌ನಿಂದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಅವರ ಹೆಸರಿನಲ್ಲೇ ಈಗ ಇಎಸ್‌ಐ ಇದೆ, ಗಂಡನ ಹೆಸರು ಕುಟುಂಬದ ಪಟ್ಟಿಯಲ್ಲಿ ಸೇರಿದೆ. ಹೀಗಾಗಿ ಯಜಮಾನರ ಸೌಲಭ್ಯ ಮುಗಿದರೂ ವೈದ್ಯಕೀಯ ರಕ್ಷಣೆ ಉಳಿಯುತ್ತದೆ. ವಿಸ್ತೃತ ಭತ್ಯೆ 2026ರಲ್ಲಿ ಕೊನೆಗೊಳ್ಳಲಿದೆ. ಆ ಹೊತ್ತಿಗೆಂದು ಪಿಎಫ್ ಹಣವನ್ನು ಮುಟ್ಟದೆ ಇಟ್ಟಿದ್ದೇವೆ. 2025ರ ಸೆಪ್ಟೆಂಬರ್‌ನಲ್ಲಿರುವ ನಿಯಮದಂತೆ, ಹತ್ತು ವರ್ಷದ ಸದಸ್ಯತ್ವ ಪೂರೈಸಿದವರು ಗೃಹಸಾಲ ತೀರಿಸಲು ಪಿಎಫ್ ಯೋಜನೆಯ 68-ಬಿಬಿ ಕಂಡಿಕೆಯಡಿ ಮುಂಗಡ ಪಡೆಯಬಹುದು, ಹಣ ನೇರವಾಗಿ ಸಾಲ ಕೊಟ್ಟ ಬ್ಯಾಂಕಿಗೇ ಹೋಗುತ್ತದೆ. ಅವರು 2012ರಿಂದ ಸದಸ್ಯರು. 3 ಲಕ್ಷ ಅಸಲಿಗೆ ಸಂದಾಯವಾದರೆ ಕಂತು ಐದೂವರೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ, ಪತ್ನಿಯೊಬ್ಬರ ಸಂಬಳದಲ್ಲಿ ಅದನ್ನು ಕಷ್ಟಪಟ್ಟಾದರೂ ಕಟ್ಟಬಹುದು. ಅರ್ಜಿಗೆ ಬೇಕಾದ ಸಾಲದ ಬಾಕಿ ಪ್ರಮಾಣಪತ್ರವನ್ನು ಬರುವ ಜನವರಿಯಲ್ಲಿ ಬ್ಯಾಂಕಿನಿಂದ ಪಡೆಯುವುದೆಂದು ಮಾತಾಗಿದೆ.